ಟ್ರೇಡ್‌ಮಾರ್ಕ್ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ದಿನದ ಕರಡು ಗೋಷ್ಠಿ: ಬೆಂಗಳೂರಿನಲ್ಲಿ ನಡೆಸುವ ಬಗೆ

ಕಾನೂನು ಕಾಲೇಜಿನ ವಿಚಾರ ಸಂಕಿರಣ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ದೃಶ್ಯ. ಪ್ರಾರ್ಥನೆ, ದೀಪ ಬೆಳಗುವುದು, ಶಾಲು, ಪೇಟ, ಹಣ್ಣಿನ ಬುಟ್ಟಿ, ಮೂರು ಉದ್ಘಾಟನಾ ಭಾಷಣಗಳು. ಅಷ್ಟರಲ್ಲಿ ಹನ್ನೆರಡು ಗಂಟೆ. ಊಟದ ನಂತರ ನಾಲ್ಕು ಕೊಠಡಿಗಳಲ್ಲಿ ಏಕಕಾಲಕ್ಕೆ ಹತ್ತಾರು ಪ್ರಬಂಧಗಳು, ತಲಾ ಎಂಟು ನಿಮಿಷ. ಓದಿದವರು ತಮ್ಮ ಸರದಿ ಮುಗಿದ ಕೂಡಲೇ ಪ್ರಮಾಣಪತ್ರದ ಸಾಲಿಗೆ. ಅಂತಹ ಕಾರ್ಯಕ್ರಮಗಳನ್ನು ನಾನೂ ನಡೆಸಿದ್ದೇನೆ, ಆ ಸಾಲಿನಲ್ಲಿ ನಿಂತದ್ದೂ ಉಂಟು. ಆದರೆ ಟ್ರೇಡ್‌ಮಾರ್ಕ್ ಕಾನೂನನ್ನು ಕಲಿಸುವವರೂ ಕಲಿಯುವವರೂ ಒಂದೆಡೆ ಕುಳಿತು, ಇನ್ನೂ ಮುಗಿಯದ ಬರಹಗಳನ್ನು ಮುಂದಿಟ್ಟುಕೊಂಡು ದಿನವಿಡೀ ಚರ್ಚಿಸುವ ಇನ್ನೊಂದು ಬಗೆಯ ಕೂಟವಿದೆ. ಅದನ್ನು ಈ ಲೇಖನದಲ್ಲಿ ಕರಡು ಗೋಷ್ಠಿ ಎಂದು ಕರೆಯುತ್ತೇನೆ. ಬೆಂಗಳೂರಿನ ಯಾವುದೇ ಸಾಮಾನ್ಯ ಕಾನೂನು ಕಾಲೇಜು ಕಡಿಮೆ ಖರ್ಚಿನಲ್ಲಿ ಇದನ್ನು ನಡೆಸಬಹುದು. ಮುಂದಿನದು ಅದರ ಕ್ರಮ.

ಇಡೀ ಏರ್ಪಾಟು ನಿಂತಿರುವುದು ಒಂದೇ ನಿಯಮದ ಮೇಲೆ: ಬರೆದವರು ತಮ್ಮ ಪ್ರಬಂಧವನ್ನು ತಾವೇ ಮಂಡಿಸುವುದಿಲ್ಲ. ಎಲ್ಲರೂ ಅದನ್ನು ಮೊದಲೇ ಓದಿ ಬಂದಿರುತ್ತಾರೆ, ಇನ್ನೊಬ್ಬರು ಅದರ ವಾದವನ್ನು ಹತ್ತು ನಿಮಿಷದಲ್ಲಿ ಸಂಗ್ರಹಿಸಿ ಹೇಳಿ, ಎಲ್ಲಿ ಅದು ಅಲುಗಾಡುತ್ತದೆ ಎಂಬುದನ್ನು ತೋರಿಸುತ್ತಾರೆ, ಬರೆದವರು ಕೇಳಿಸಿಕೊಳ್ಳುತ್ತಾರೆ. ಈ ನಿಯಮವನ್ನು ಸಡಿಲಿಸಿದರೆ ಉಳಿದ ಯಾವ ಸಿದ್ಧತೆಯೂ ಫಲ ಕೊಡುವುದಿಲ್ಲ, ಏಕೆಂದರೆ ಬರೆದವರೇ ಬಂದು ಹೇಳುತ್ತಾರೆ ಎಂದು ಗೊತ್ತಿದ್ದರೆ ಯಾರೂ ಮುಂಚಿತವಾಗಿ ಓದುವುದಿಲ್ಲ.

ಮೊದಲು ದಿನಾಂಕ

ನಾಲ್ಕು ತಿಂಗಳು ಮೊದಲೇ ದಿನವನ್ನು ಗೊತ್ತುಮಾಡಿಕೊಳ್ಳಿ. ತಿಂಗಳ ಎರಡನೆಯ ಶನಿವಾರ ಎಲ್ಲಕ್ಕಿಂತ ಅನುಕೂಲ. ನ್ಯಾಯಾಲಯಗಳಿಗೂ ಸರ್ಕಾರಿ ಕಚೇರಿಗಳಿಗೂ ಅಂದು ರಜೆ ಇರುವುದರಿಂದ ಟ್ರೇಡ್‌ಮಾರ್ಕ್ ದಾವೆಗಳನ್ನು ನಡೆಸುವ ವಕೀಲರು ಬರಬಲ್ಲರು. ಅನೇಕ ಕಾಲೇಜುಗಳಿಗೆ ಏಪ್ರಿಲ್ 26ರ ವಿಶ್ವ ಬೌದ್ಧಿಕ ಆಸ್ತಿ ದಿನದ ಮೇಲೆ ಕಣ್ಣಿರುತ್ತದೆ. ಅಂದು ಬಿಡುವಾಗಿರುವ ಬೌದ್ಧಿಕ ಆಸ್ತಿ ಅಧ್ಯಾಪಕರು ಊರಿನಲ್ಲಿ ಸಿಗುವುದು ಕಷ್ಟ. ಎಲ್ಲರೂ ಎಲ್ಲೋ ಒಂದು ಕಡೆ ಭಾಷಣಕ್ಕೆ ಒಪ್ಪಿಕೊಂಡಿರುತ್ತಾರೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯನ್ನು ನೋಡದೆ ದಿನಾಂಕವನ್ನು ಪ್ರಕಟಿಸಬೇಡಿ, ಏಕೆಂದರೆ ಅದರ ಅಧೀನದ ಕಾಲೇಜುಗಳ ಅಧ್ಯಾಪಕರು ಪರೀಕ್ಷೆಯ ಕಾಲದಲ್ಲಿ ಕೊಠಡಿ ಮೇಲ್ವಿಚಾರಣೆ ಬಿಟ್ಟು ಬರಲಾರರು.

ಸಭಾಂಗಣ ಬೇಡ, ಕೊಠಡಿ ಸಾಕು. ಇಪ್ಪತ್ತೈದರಿಂದ ಮೂವತ್ತು ಜನ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಮೇಜುಗಳನ್ನು ಚೌಕವಾಗಿ ಜೋಡಿಸಬಹುದಾದ ಕೊಠಡಿ ಇರಬೇಕು. ಎತ್ತರದ ವೇದಿಕೆ ಇದ್ದರೆ ಅದನ್ನು ಬಳಸಬೇಡಿ. ಊರ ಹೊರಗಿನ ಹಸಿರು ಆವರಣಕ್ಕಿಂತ ಮೆಟ್ರೊ ನಿಲ್ದಾಣದಿಂದ ನಡೆದು ಬರಬಹುದಾದ ಸಾಧಾರಣ ಕಟ್ಟಡವೇ ಮೇಲು. ಹಸಿರು ಮತ್ತು ನೇರಳೆ ಮಾರ್ಗಗಳು ಕೂಡುವ ಮೆಜೆಸ್ಟಿಕ್‌ಗೆ ಹತ್ತಿರವಾದಷ್ಟೂ ಒಳ್ಳೆಯದು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯಿಂದ ಬರುವವರು ರಾತ್ರಿ ಬಸ್ಸು ಅಥವಾ ರೈಲಿನಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಇಳಿಯುತ್ತಾರೆ. ಅವರಿಗೆ ಸ್ನಾನ ಮಾಡಿ ಬಟ್ಟೆ ಬದಲಿಸಲು ಕಾಲೇಜಿನ ವಸತಿ ನಿಲಯದಲ್ಲಿ ಎರಡು ಕೊಠಡಿ ತೆರೆದಿಡುವುದು ಹಣ್ಣಿನ ಬುಟ್ಟಿಗಿಂತ ದೊಡ್ಡ ಸತ್ಕಾರ.

ಕರಡುಗಳನ್ನು ಆಹ್ವಾನಿಸುವುದು

ಒಂದು ದಿನಕ್ಕೆ ನಾಲ್ಕು ಪೂರ್ಣ ಕರಡುಗಳು ಸಾಕು. ಐದಾದರೆ ಸಂಜೆಯ ಕರಡಿಗೆ ಅನ್ಯಾಯವಾಗುತ್ತದೆ. ಆಹ್ವಾನ ಪತ್ರದಲ್ಲಿ ಐನೂರು ಪದಗಳ ಸಾರಾಂಶವನ್ನು ಕೇಳಿ, ಅದರಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಕಡ್ಡಾಯ ಎಂದು ಬರೆಯಿರಿ: ಈ ಬರಹ ಯಾವ ತೀರ್ಪನ್ನು ಅಥವಾ ಯಾವ ಕಲಮನ್ನು ಹೊಸದಾಗಿ ಓದುತ್ತದೆ, ಮತ್ತು ಬರೆದವರಿಗೆ ಈಗ ಎಲ್ಲಿ ಸಂದೇಹವಿದೆ. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದ ಸಾರಾಂಶವನ್ನು, ಅದು ಎಷ್ಟೇ ಹಿರಿಯರದ್ದಾಗಿರಲಿ, ನಾನು ಬದಿಗಿಡುತ್ತೇನೆ. ಸಂದೇಹವೇ ಇಲ್ಲದವರಿಗೆ ಈ ಗೋಷ್ಠಿಯಿಂದ ಆಗಬೇಕಾದ್ದೇನೂ ಇಲ್ಲ. ಅಂಥವರು ಬರಹವನ್ನು ನೇರವಾಗಿ ಪತ್ರಿಕೆಗೆ ಕಳುಹಿಸಬಹುದು.

ವಿಷಯವನ್ನು ‘ಜಾಗತೀಕರಣದ ಯುಗದಲ್ಲಿ ಬೌದ್ಧಿಕ ಆಸ್ತಿ: ಸವಾಲುಗಳು ಮತ್ತು ಅವಕಾಶಗಳು’ ಎಂದು ಹರವಾಗಿ ಇಡಬೇಡಿ. ಟ್ರೇಡ್‌ಮಾರ್ಕ್‌ಗೆ ಸೀಮಿತವಾಗಿರಿ, ಪೇಟೆಂಟ್, ಹಕ್ಕುಸ್ವಾಮ್ಯಗಳಿಗೆ ಬೇರೆ ದಿನಗಳಿವೆ. ಭೌಗೋಳಿಕ ಸೂಚಕಗಳನ್ನು ಸೇರಿಸಬಹುದು, ಏಕೆಂದರೆ ಆ ಕಾಯ್ದೆಯೂ ಟ್ರೇಡ್‌ಮಾರ್ಕ್ ಕಾಯ್ದೆಯೂ 1999ರಲ್ಲಿ ಅಂಗೀಕಾರವಾಗಿ, 2003ರ ಸೆಪ್ಟೆಂಬರ್ 15ರಂದು ಒಟ್ಟಿಗೇ ಜಾರಿಗೆ ಬಂದವು, ಮತ್ತು ನಮ್ಮ ರಾಜ್ಯದಲ್ಲಿ ಅವೆರಡೂ ಒಂದೇ ಪೊಟ್ಟಣದ ಮೇಲೆ ಎದುರಾಗುತ್ತವೆ. ಮೈಸೂರು ಸ್ಯಾಂಡಲ್ ಸೋಪಿನ ಹೆಸರು ಒಂದು ಸರ್ಕಾರಿ ಸಂಸ್ಥೆಯ ಬ್ರಾಂಡ್ ಆಗಿರುವಂತೆಯೇ ನೋಂದಾಯಿತ ಭೌಗೋಳಿಕ ಸೂಚಕವೂ ಆಗಿದೆ. ಒಬ್ಬರಿಗೆ ಸೇರಿದ ಗುರುತು ಮತ್ತು ಒಂದು ಪ್ರದೇಶದ ಉತ್ಪಾದಕರೆಲ್ಲರಿಗೂ ಸೇರಬೇಕಾದ ಗುರುತು ಒಂದೇ ಆಗಿರಬಹುದೆ ಎಂಬ ಪ್ರಶ್ನೆಯೊಂದೇ ಒಂದು ಪ್ರಬಂಧಕ್ಕೆ ಸಾಕು.

ಪೂರ್ಣ ಕರಡು ಗೋಷ್ಠಿಗೆ ಮೂರು ವಾರ ಮೊದಲು ಕೈಸೇರಬೇಕು. ಗಡುವು ಮೀರಿದರೆ ಜಾಗವಿಲ್ಲ ಎಂದು ಮೊದಲೇ ತಿಳಿಸಿ, ಹೇಳಿದಂತೆಯೇ ನಡೆದುಕೊಳ್ಳಿ. ಒಮ್ಮೆ ನಾನು ಸಂಕೋಚಕ್ಕೆ ಬಿದ್ದು ಹಿಂದಿನ ರಾತ್ರಿ ಬಂದ ಕರಡೊಂದನ್ನು ಸೇರಿಸಿಕೊಂಡೆ. ಬೆಳಿಗ್ಗೆ ಅದನ್ನು ಓದಿದ್ದವರು ಇಬ್ಬರೇ, ಅವರಲ್ಲಿ ಒಬ್ಬರು ಬರೆದವರೇ. ವಿದ್ಯಾರ್ಥಿಗಳ ಕರಡುಗಳಲ್ಲಿ ನಕಲು ಪರಿಶೀಲನೆಯನ್ನೂ ಈ ಹಂತದಲ್ಲಿಯೇ ಮುಗಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಶೇ. 10ರವರೆಗಿನ ಹೋಲಿಕೆಯನ್ನು ದಂಡನೆಯಿಲ್ಲದ ಮಟ್ಟವೆಂದು ಇಟ್ಟಿವೆ. ಆದರೆ ತೀರ್ಪುಗಳ ಉದ್ಧರಣೆಯೇ ಹೆಚ್ಚಿರುವ ನಮ್ಮ ಬರಹಗಳಲ್ಲಿ ಯಂತ್ರ ಕೊಡುವ ಅಂಕಿಗಿಂತ ಕಣ್ಣಿನಿಂದ ಓದಿದ ನಿರ್ಣಯವೇ ನಂಬಿಕೆಗೆ ಯೋಗ್ಯ.

ನೆಲದ ತೀರ್ಪುಗಳಿಂದ ಆರಂಭಿಸುವುದು

ಗೋಷ್ಠಿಗೆ ಬರುವ ವಿದ್ಯಾರ್ಥಿಗಳಿಗೆ ಒಂದು ಪೂರ್ವಪಠ್ಯ ಬೇಕು. ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇರುವ ವಿದೇಶಿ ಮೊಕದ್ದಮೆಗಳನ್ನು ಕೊಡುವ ಬದಲು, ನಮ್ಮ ಊರಿನ ಅಂಗಡಿ, ಹೋಟೆಲು, ನ್ಯಾಯಾಲಯಗಳಿಂದ ಎದ್ದು ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣಗಳನ್ನು ಕೊಡಿ. ಅಂಥವು ಬೇಕಾದಷ್ಟಿವೆ.

1972ರಲ್ಲಿ ತೀರ್ಮಾನವಾದ ಪಾರ್ಲೆ ಪ್ರಾಡಕ್ಟ್ಸ್ ಮತ್ತು ಮೈಸೂರಿನ ಜೆ.ಪಿ. ಅಂಡ್ ಕಂಪನಿ ನಡುವಿನ ಮೊಕದ್ದಮೆ ಬಿಸ್ಕತ್ತಿನ ಹೊದಿಕೆಯ ಕುರಿತದ್ದು. ಎರಡೂ ಹೊದಿಕೆಗಳಲ್ಲಿ ಹುಡುಗಿ, ಹಸು, ಕೋಳಿಗಳ ಚಿತ್ರ. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸಗಳು ಕಾಣುತ್ತವೆ. ಗ್ರಾಹಕ ಹಾಗೆ ಪಕ್ಕಪಕ್ಕದಲ್ಲಿಟ್ಟು ನೋಡುವುದಿಲ್ಲ, ಒಟ್ಟಾರೆ ಛಾಪನ್ನು ನೆನಪಿನಲ್ಲಿಟ್ಟುಕೊಂಡು ಕೊಳ್ಳುತ್ತಾನೆ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟು ಪಾರ್ಲೆಯ ಪರವಾಗಿ ತೀರ್ಮಾನಿಸಿತು. 2004ರ ಸತ್ಯಂ ಇನ್ಫೋವೇ ಪ್ರಕರಣ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಯಿತು. ಸಿಫಿ ಎಂಬ ಹೆಸರನ್ನು ಸಂಸ್ಥೆಯ ಹೆಸರಿನ ತುಣುಕುಗಳಿಂದ ಹೊಸದಾಗಿ ಕಟ್ಟಲಾಗಿತ್ತು. ಎದುರು ಪಕ್ಷದವರು ಇನ್ನೊಂದು ‘ಎಫ್’ ಸೇರಿಸಿ ಅಂತರಜಾಲ ವಿಳಾಸವನ್ನು ಪಡೆದಿದ್ದರು. ವಿಚಾರಣಾ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ತಮ್ಮ ಸರಕನ್ನು ಇನ್ನೊಬ್ಬರದೆಂಬಂತೆ ಮಾರುವುದನ್ನು ತಡೆಯುವ ಪಾಸಿಂಗ್ ಆಫ್ ತತ್ವ ಡೊಮೇನ್ ಹೆಸರುಗಳಿಗೂ ಅನ್ವಯಿಸುತ್ತದೆ ಎಂಬುದು ಅಲ್ಲಿಂದ ನೆಲೆಗೊಂಡಿತು. ಬೆಂಗಳೂರಿನ ಖೋಡೆ ಡಿಸ್ಟಿಲರೀಸ್‌ನ ಪೀಟರ್ ಸ್ಕಾಟ್ ಹೆಸರಿನ ಬಗೆಗೆ ಸ್ಕಾಚ್ ವಿಸ್ಕಿ ಸಂಘ ಎತ್ತಿದ ತಕರಾರು 2008ರಲ್ಲಿ ಮುಗಿಯಿತು. ಗೊತ್ತಿದ್ದೂ ವರ್ಷಾನುಗಟ್ಟಲೆ ಸುಮ್ಮನಿದ್ದವರಿಗೆ ಪರಿಹಾರವಿಲ್ಲ ಎಂಬುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2022ರ ರೆನೈಸೆನ್ಸ್ ಪ್ರಕರಣವೂ ಇಲ್ಲಿಯದೇ: ಬೆಂಗಳೂರು ಮತ್ತು ಪುಟ್ಟಪರ್ತಿಯಲ್ಲಿದ್ದ ಸಾಯಿ ರೆನೈಸೆನ್ಸ್ ಹೋಟೆಲುಗಳ ವಿಚಾರದಲ್ಲಿ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಉಲ್ಲಂಘನೆಯ ಬಗೆಗಿರುವ 29ನೆಯ ಕಲಮಿನ ಉಪಕಲಮುಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ಸುಪ್ರೀಂ ಕೋರ್ಟು ವಿವರಿಸಿತು. ಒಂದೇ ಕಲಮಿನ ತಪ್ಪು ಉಪಕಲಮನ್ನು ಹಿಡಿದರೆ ತೀರ್ಪು ಹೇಗೆ ತಿರುವುಮುರುವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಇದರಲ್ಲಿ ಕಣ್ಣಾರೆ ಕಾಣುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆ ಎಬ್ಬಿಸುವುದು 2018ರ ನಂದಿನಿ ಡೀಲಕ್ಸ್ ತೀರ್ಪು. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ನಂದಿನಿ ಹೆಸರನ್ನು ಬಳಸುತ್ತಿತ್ತು. ಹೋಟೆಲಿನವರು 1989ರಲ್ಲಿ ಅದೇ ಹೆಸರನ್ನು, ಇಂಗ್ಲಿಷಿನಲ್ಲಿ ‘ದ’ಕಾರದ ಬಳಿ ಒಂದು ‘ಎಚ್’ ಹೆಚ್ಚಿಗೆ ಸೇರಿಸಿ, ಹಿಡಿದರು. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಹಾಲು ಮಹಾಮಂಡಳಿ ಗೆದ್ದಿತ್ತು. ಸುಪ್ರೀಂ ಕೋರ್ಟು ಸರಕುಗಳು ಬೇರೆ, ಚಿಹ್ನೆಗಳ ನೋಟ ಬೇರೆ ಎಂದು ಹೋಟೆಲಿನವರ ಮೇಲ್ಮನವಿಯನ್ನು ಒಪ್ಪಿತು, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಅವರ ನೋಂದಣಿಯಿಂದ ಹೊರಗಿಟ್ಟಿತು. ಕನ್ನಡದ ಓದುಗರಿಗೆ ಇಲ್ಲೊಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ಕಾಣುವ ಆ ಹೆಚ್ಚಿನ ಅಕ್ಷರ ಕನ್ನಡ ಫಲಕದಲ್ಲಿ ಕಾಣುವುದಿಲ್ಲ; ಎರಡನ್ನೂ ನಾವು ‘ನಂದಿನಿ’ ಎಂದೇ ಬರೆಯುತ್ತೇವೆ, ‘ನಂದಿನಿ’ ಎಂದೇ ಹೇಳುತ್ತೇವೆ. ಹೋಲಿಕೆಯನ್ನು ಅಳೆಯುವುದು ಯಾವ ಲಿಪಿಯಲ್ಲಿ, ಯಾರ ನಾಲಿಗೆಯ ಮೇಲೆ? 1962ರ ಅಮೃತಧಾರಾ ತೀರ್ಪು ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಹೆಸರುಗಳನ್ನು ಸಾಮಾನ್ಯ ಹಳ್ಳಿಗ, ಪಟ್ಟಣಿಗರ ಕಿವಿಯಿಂದ ಅಳೆಯಿತು. 1969ರಲ್ಲಿ ಆಂಡಾಳ್ ಮತ್ತು ಅಂಬಾಳ್ ಎಂಬ ನಶ್ಯದ ಹೆಸರುಗಳ ಅರ್ಥ ಬೇರೆಬೇರೆಯಾದರೂ ಧ್ವನಿ ಹತ್ತಿರವೆಂದು ನ್ಯಾಯಾಲಯ ಕಂಡಿತು. ಈ ಮೂರನ್ನು ಒಟ್ಟಿಗೆ ಓದಿಸಿದರೆ, ಮೊದಲ ವರ್ಷದ ವಿದ್ಯಾರ್ಥಿಯೂ ಹಿರಿಯ ಪ್ರಾಧ್ಯಾಪಕರ ಜೊತೆ ಸಮನಾಗಿ ವಾದಿಸಬಲ್ಲ, ಏಕೆಂದರೆ ಕನ್ನಡದ ಕಿವಿ ಇಬ್ಬರಿಗೂ ಇದೆ.

ವಿದ್ಯಾರ್ಥಿಗಳಿಗೆ ಬೀದಿಯ ಕೆಲಸ

ವಿದ್ಯಾರ್ಥಿಗಳು ಖಾಲಿ ಕೈಯಲ್ಲಿ ಬರಬಾರದು. ಗೋಷ್ಠಿಗೆ ಎರಡು ವಾರ ಮೊದಲು ಇಬ್ಬಿಬ್ಬರನ್ನು ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೆಯ ಕ್ರಾಸ್, ಜಯನಗರದ ನಾಲ್ಕನೆಯ ಬ್ಲಾಕ್‌ನಂತಹ ಕಡೆಗಳಿಗೆ ಕಳುಹಿಸಿ, ಹತ್ತು ನಾಮಫಲಕಗಳನ್ನು ಬರೆದುಕೊಂಡು ಬರಲು ಹೇಳಿ. ಅಯ್ಯಂಗಾರ್ ಬೇಕರಿ, ಉಡುಪಿ ಹೋಟೆಲ್, ಮಿಲಿಟರಿ ಹೋಟೆಲ್, ಹೆಜ್ಜೆಗೊಂದು ಎಸ್‌ಎಲ್‌ವಿ: ಇವುಗಳಲ್ಲಿ ಯಾವುದು ಒಬ್ಬರ ಗುರುತು, ಯಾವುದು ಬರಿಯ ವರ್ಣನೆ, ಯಾವುದು ಎಲ್ಲರೂ ಹಂಚಿಕೊಂಡ ಮಾತು ಎಂದು ವಿಂಗಡಿಸುವುದೇ ಅಭ್ಯಾಸ. ‘ದರ್ಶಿನಿ’ ಎಂಬ ಪದವನ್ನು ನಾನು ತಪ್ಪದೆ ಕೊಡುತ್ತೇನೆ. 1980ರ ದಶಕದಲ್ಲಿ ಜಯನಗರದ ಕೆಫೆ ದರ್ಶಿನಿಯ ಹೆಸರಿನ ಭಾಗವಾಗಿದ್ದ ಆ ಪದ ಇಂದು ನಿಂತು ತಿನ್ನುವ ಹೋಟೆಲಿಗೆಲ್ಲ ಸಾಮಾನ್ಯ ನಾಮವಾಗಿದೆ. ಹೆಸರೊಂದು ಒಡೆಯನ ಕೈಜಾರಿ ನಾಮಪದವಾಗುವುದನ್ನು ತೋರಿಸಲು ಜೆರಾಕ್ಸ್‌ನ ಉದಾಹರಣೆಗಾಗಿ ಸಮುದ್ರ ದಾಟಬೇಕಿಲ್ಲ.

ನಂತರ ಅದೇ ಹೆಸರುಗಳನ್ನು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದ ಉಚಿತ ಸಾರ್ವಜನಿಕ ಹುಡುಕಾಟದಲ್ಲಿ ನೋಡಲಿ. ಅಲ್ಲಿ ಪದದಿಂದಲೂ ಧ್ವನಿಯಿಂದಲೂ ಚಿತ್ರದ ಸಂಕೇತದಿಂದಲೂ ಹುಡುಕಬಹುದು. ಸರಕು ಮತ್ತು ಸೇವೆಗಳನ್ನು ವಿಂಗಡಿಸಿರುವ 45 ವರ್ಗಗಳಲ್ಲಿ ಸರಿಯಾದುದನ್ನು ಆರಿಸಿಕೊಳ್ಳುವುದೇ ಮೊದಲ ಪಾಠ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಬಗೆಯಲ್ಲಿ ಬರೆದು ಹುಡುಕದಿದ್ದರೆ ಫಲಿತಾಂಶಗಳು ತಪ್ಪಿಸಿಕೊಳ್ಳುತ್ತವೆ. ಹಿಂದಿ ಮತ್ತು ಇಂಗ್ಲಿಷ್ ಅಲ್ಲದ ಲಿಪಿಯ ಪದವಿರುವ ಅರ್ಜಿಗೆ ಲಿಪ್ಯಂತರವನ್ನೂ ಅನುವಾದವನ್ನೂ ಕೊಡಬೇಕೆಂದು 2017ರ ಟ್ರೇಡ್‌ಮಾರ್ಕ್ ನಿಯಮಗಳು ಹೇಳುತ್ತವೆ. ‘ಅಜ್ಜಿಮನೆ’ ಎಂಬುದನ್ನು ಇಂಗ್ಲಿಷಿಗೆ ಅನುವಾದಿಸಿದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಕೇಳಿ ನೋಡಿ. ಪ್ರತಿ ಸೋಮವಾರ ಪ್ರಕಟವಾಗುವ ಟ್ರೇಡ್‌ಮಾರ್ಕ್ ಜರ್ನಲ್‌ನಿಂದ ಒಂದು ಅರ್ಜಿಯನ್ನು ಆರಿಸಿ, ನಾಲ್ಕು ತಿಂಗಳ ಆಕ್ಷೇಪಣಾ ಅವಧಿಯಲ್ಲಿ ಅದನ್ನು ಯಾರು, ಯಾವ ಕಾರಣದಿಂದ ವಿರೋಧಿಸಬಹುದು ಎಂದು ಒಂದು ಪುಟ ಬರೆಸುವುದೂ ಒಳ್ಳೆಯ ಕೆಲಸ. ಅರ್ಜಿ ಹಾಕುವುದೆಂದರೆ ಏನೆಂಬ ಅಂದಾಜು ಬರಲು ವಿದ್ಯಾರ್ಥಿಗಳಿಗೆ ಇಷ್ಟನ್ನೂ ತಿಳಿಸಿ. ಆನ್‌ಲೈನ್ ಅರ್ಜಿಯ ಶುಲ್ಕ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ನವೋದ್ಯಮಗಳಿಗೂ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000; ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಈ ಕೊನೆಯ ಸಂಗತಿ ಬಹಳ ವಿದ್ಯಾರ್ಥಿಗಳಿಗೆ ಆಶ್ಚರ್ಯ ತರುತ್ತದೆ.

ಇನ್ನೂ ಯಾರಾದರೂ ಬರೆಯಬೇಕಾದ ವಿಷಯವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ರಾಜ್ಯದ ವ್ಯಾಪಾರ ಸಂಸ್ಥೆಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ನೋಂದಾಯಿಸಿದ ಚಿಹ್ನೆಯನ್ನು ಫಲಕದ ಮೇಲೆ ಕನ್ನಡದಲ್ಲಿ ಬರೆದಾಗ ಅದು ನೋಂದಾಯಿತ ಚಿಹ್ನೆಯ ಬಳಕೆಯೇ? ಚಿಹ್ನೆಯ ಗುರುತನ್ನು ಗಣನೀಯವಾಗಿ ಬದಲಿಸದ ಮಾರ್ಪಾಡುಗಳನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 55ನೆಯ ಕಲಮು ಒಪ್ಪುತ್ತದೆ. ಲಿಪಿ ಬದಲಾದರೆ ನೋಟ ಪೂರ್ತಿ ಬದಲಾಗುತ್ತದೆ, ಧ್ವನಿ ಹಾಗೆಯೇ ಉಳಿಯುತ್ತದೆ. ಐದು ವರ್ಷ ಬಳಸದ ಚಿಹ್ನೆಯನ್ನು ನೋಂದಣಿಯಿಂದ ತೆಗೆಸಲು 47ನೆಯ ಕಲಮು ಅವಕಾಶ ಕೊಡುವುದರಿಂದ, ಈ ಪ್ರಶ್ನೆಯ ಉತ್ತರಕ್ಕೆ ಬೆಲೆಯಿದೆ. ಇಂತಹ ಪ್ರಶ್ನೆ ಬೆಂಗಳೂರಿನ ಬೀದಿಯಲ್ಲಿ ನಿಂತವರಿಗೆ ಹೊಳೆಯುವಷ್ಟು ಸುಲಭವಾಗಿ ಬೇರೆಡೆ ಹೊಳೆಯಲಾರದು.

ಯಾರನ್ನು ಕರೆಯಬೇಕು

ಮೂವತ್ತು ಕುರ್ಚಿಗಳಲ್ಲಿ ಹನ್ನೆರಡು ಅಧ್ಯಾಪಕರಿಗೆ, ಹನ್ನೆರಡು ವಿದ್ಯಾರ್ಥಿಗಳಿಗೆ, ಉಳಿದ ಆರು ವಕೀಲರಿಗೂ ಇತರರಿಗೂ ಎಂದು ಹಂಚಿಕೊಳ್ಳಿ. ವಿದ್ಯಾರ್ಥಿಗಳನ್ನು ನಿಮ್ಮ ಕಾಲೇಜಿನಿಂದಲೇ ತುಂಬಬೇಡಿ. ಪ್ರತಿ ಕರಡಿಗೂ ಒಬ್ಬ ವಿಮರ್ಶಕರನ್ನು ಗೊತ್ತುಮಾಡಿ; ನಾಲ್ವರಲ್ಲಿ ಒಬ್ಬರಾದರೂ ಸಂಶೋಧನಾ ವಿದ್ಯಾರ್ಥಿಯಾಗಿರಲಿ. ಹಿರಿಯರ ಕರಡನ್ನು ಕಿರಿಯರು ವಿಮರ್ಶಿಸುವುದಕ್ಕೆ ನಮ್ಮಲ್ಲಿ ಸಂಕೋಚವಿದೆ, ‘ಸರ್ ಹೇಳಿದ್ದು ಬಹಳ ಚೆನ್ನಾಗಿದೆ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಹೀಗಾಗಿ ಕರಡನ್ನು ಬರೆದ ಹಿರಿಯರಿಗೇ ಮೊದಲು ದೂರವಾಣಿ ಮಾಡಿ, ‘ನಿಮ್ಮ ಬರಹವನ್ನು ಈ ವಿದ್ಯಾರ್ಥಿನಿ ವಿಮರ್ಶಿಸಲಿದ್ದಾರೆ, ದಯವಿಟ್ಟು ನೀವೇ ಅವರೊಡನೆ ಒಂದು ಮಾತು ಆಡಿ ಧೈರ್ಯ ಹೇಳಿ’ ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಯಾರೂ ಇಲ್ಲವೆಂದಿಲ್ಲ.

ವಕೀಲರು ಬೇಕು, ಏಕೆಂದರೆ ದಾವೆ ನಿಜವಾಗಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿ ಅದರ ಕೆಲಸ ಹೈಕೋರ್ಟುಗಳಿಗೆ ಬಂದ ಮೇಲೆ ಏನಾಯಿತು, ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದ ನಂತರ ತಡೆಯಾಜ್ಞೆಯ ಅರ್ಜಿಗಳು ಹೇಗೆ ಬದಲಾದವು, ಇವು ಪುಸ್ತಕದಿಂದ ತಿಳಿಯುವುದಿಲ್ಲ. ಆದರೆ ಚರ್ಚೆಯಾಗುವ ಪ್ರಕರಣದಲ್ಲಿ ಯಾವುದೇ ಪಕ್ಷದ ಪರವಾಗಿ ವಕಾಲತ್ತು ವಹಿಸಿದ್ದರೆ ಅದನ್ನು ಮಾತಿಗೆ ಮುಂಚೆ ತಿಳಿಸಬೇಕೆಂದು ಎಲ್ಲರಿಗೂ ಲಿಖಿತವಾಗಿ ಹೇಳಿ. ಹಾಲಿ ನ್ಯಾಯಾಧೀಶರು ಬಂದರೆ ಬಾಕಿಯಿರುವ ಮೊಕದ್ದಮೆಗಳನ್ನು ಅವರ ಮುಂದೆ ಎತ್ತುವಂತಿಲ್ಲ.

ಹಣದ ವಿಚಾರ ಬಂದಾಗ ಕಾನೂನು ಸಂಸ್ಥೆಗಳ ಪ್ರಾಯೋಜಕತ್ವ ಸುಲಭವಾಗಿ ಸಿಗುವಂತೆ ಕಾಣುತ್ತದೆ. ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಸೆಳೆಯುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೆಯ ನಿಯಮ ವಕೀಲರಿಗೆ ನಿಷೇಧಿಸಿರುವಾಗ, ಅವರ ಹೆಸರಿನ ದೊಡ್ಡ ಬ್ಯಾನರನ್ನು ಬಾಗಿಲಲ್ಲಿ ಕಟ್ಟಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಬ್ರಾಂಡ್ ಮಾಲೀಕ ಕಂಪನಿಗಳ ಹಣದ ಬಗೆಗೆ ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು. ಬೇಡ. ಮೂವತ್ತು ಜನರ ತಿಂಡಿ, ಊಟ, ಎರಡು ಹೊತ್ತಿನ ಕಾಫಿ, ಕರಡುಗಳ ಮುದ್ರಣ, ಇಷ್ಟನ್ನು ಕಾಲೇಜೇ ಭರಿಸಬಲ್ಲದು. ನೋಂದಣಿ ಶುಲ್ಕವನ್ನು ವಿದ್ಯಾರ್ಥಿಗಳಿಂದ ವಸೂಲು ಮಾಡುವುದಂತೂ ಸಲ್ಲದು.

ದಿನದ ನಡೆ

ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ, ಒಂಬತ್ತೂ ಮುಕ್ಕಾಲಿಗೆ ಎಲ್ಲರೂ ಮೇಜಿನ ಸುತ್ತ. ಪ್ರಾಂಶುಪಾಲರ ಸ್ವಾಗತ ಐದು ನಿಮಿಷ, ನಿಯಮಗಳ ವಿವರಣೆ ಐದು ನಿಮಿಷ. ದೀಪ ಬೆಳಗಲೇಬೇಕೆಂದು ಆಡಳಿತ ಮಂಡಳಿ ಹೇಳಿದರೆ ಬೆಳಗಿ. ಅದಕ್ಕೆ ಎರಡು ನಿಮಿಷ ಸಾಕು, ಸಮಯ ನುಂಗುವುದು ಅದರ ಹಿಂದೆ ಬರುವ ಭಾಷಣಗಳು. ಸನ್ಮಾನವನ್ನು ಸ್ಪಷ್ಟವಾಗಿ ಕೈಬಿಡಿ, ಮತ್ತು ಕೈಬಿಟ್ಟಿರುವುದನ್ನು ಅತಿಥಿಗಳಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಅದು ಅಗೌರವವಾಗಿ ಕಾಣಬಹುದು.

ಒಂದು ಕರಡಿಗೆ ಎಪ್ಪತ್ತು ನಿಮಿಷ. ವಿಮರ್ಶಕರಿಗೆ ಹತ್ತು, ಬರೆದವರ ಚುಟುಕು ಪ್ರತಿಕ್ರಿಯೆಗೆ ಐದು, ಉಳಿದದ್ದು ಎಲ್ಲರದ್ದು. ನಿರ್ವಾಹಕರ ಕೈಯಲ್ಲಿ ಒಂದು ಹಾಳೆಯಿರಲಿ. ಹೊಸ ವಿಷಯ ಎತ್ತುವವರು ಪೂರ್ತಿ ಕೈ ಎತ್ತುತ್ತಾರೆ, ನಡೆಯುತ್ತಿರುವ ಮಾತಿಗೇ ಏನನ್ನಾದರೂ ಸೇರಿಸುವವರು ಒಂದು ಬೆರಳನ್ನು ಮಾತ್ರ, ಬೆರಳಿಗೆ ಆದ್ಯತೆ. ಇದು ಸಣ್ಣ ಉಪಾಯ, ಆದರೆ ಚರ್ಚೆ ಎಲ್ಲೆಲ್ಲಿಯೋ ಹಾರುವುದನ್ನು ತಡೆಯುತ್ತದೆ. ಮೊದಲ ಮೂರು ಪ್ರಶ್ನೆಗಳು ವಿದ್ಯಾರ್ಥಿಗಳವೇ ಆಗಿರಬೇಕೆಂಬುದು ನಾನು ಕೊನೆಯವರೆಗೂ ಬಿಟ್ಟುಕೊಡದ ನಿಯಮ. ಪ್ರಾಧ್ಯಾಪಕರು ಒಮ್ಮೆ ಮಾತು ಆರಂಭಿಸಿದರೆ ವಿದ್ಯಾರ್ಥಿಗಳ ಕೈ ಮತ್ತೆ ಮೇಲೇಳುವುದಿಲ್ಲ. ‘ಇದು ಪ್ರಶ್ನೆಯಲ್ಲ, ಒಂದು ಅಭಿಪ್ರಾಯ’ ಎಂದು ಆರಂಭವಾಗುವ ಮಾತನ್ನು ನಿರ್ವಾಹಕರು ನಗುತ್ತಲೇ ಒಂದು ನಿಮಿಷಕ್ಕೆ ನಿಲ್ಲಿಸಬೇಕು.

ಭಾಷೆಯ ವಿಚಾರವನ್ನು ಬೆಳಿಗ್ಗೆಯೇ ತೀರ್ಮಾನಿಸಿ. ಕರಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಚರ್ಚೆ ಕನ್ನಡದಲ್ಲಿಯೂ ನಡೆಯಬಹುದು ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಿರ್ವಾಹಕರು ತಮ್ಮ ಮೊದಲ ಮಾತನ್ನೇ ಕನ್ನಡದಲ್ಲಿ ಆಡಬೇಕು. ಕನ್ನಡ ತಿಳಿಯದವರಿದ್ದರೆ ಪಕ್ಕದವರು ಒಂದೆರಡು ವಾಕ್ಯಗಳಲ್ಲಿ ತಿಳಿಸಲಿ. ಒಂದು ಪುಟದ ಪದಪಟ್ಟಿಯನ್ನು ಎಲ್ಲರ ಮುಂದೆ ಇಡಿ: ಮೋಸಗೊಳಿಸುವಷ್ಟು ಹೋಲಿಕೆ, ಪೂರ್ವ ಬಳಕೆ, ಪ್ರಾಮಾಣಿಕ ಸಹಬಳಕೆ, ಸುಪ್ರಸಿದ್ಧ ಚಿಹ್ನೆ, ವರ್ಣನಾತ್ಮಕ ಪದ. ಪಾಸಿಂಗ್ ಆಫ್ ಎಂಬುದಕ್ಕೆ ಒಪ್ಪುವ ಕನ್ನಡ ಪದಕ್ಕಾಗಿ ಒಂದು ಗೋಷ್ಠಿಯ ಊಟದ ಹೊತ್ತೆಲ್ಲ ವಾದ ನಡೆದು, ಕೊನೆಗೆ ಪಾಸಿಂಗ್ ಆಫ್ ಎಂದೇ ಉಳಿಯಿತು.

ಬೆಳಿಗ್ಗೆ ಎರಡು ಕರಡು, ನಡುವೆ ಕಾಫಿ. ಊಟಕ್ಕೆ ಒಂದು ಗಂಟೆ ಪೂರ್ತಿ ಕೊಡಿ. ಬಿಸಿಬೇಳೆಬಾತ್, ಮೊಸರನ್ನದಂತಹ ಸರಳ ಊಟವಿದ್ದರೆ ಸಾಲು ಬೇಗ ಕರಗಿ ಮಾತಿಗೆ ಸಮಯ ಸಿಗುತ್ತದೆ. ಊಟದ ಮೇಲಿನ ಮಂಪರಿನ ಹೊತ್ತಿಗೆ ಗಂಭೀರ ಕರಡನ್ನು ಇಡಬೇಡಿ. ಆ ಮುಕ್ಕಾಲು ಗಂಟೆ ವಿದ್ಯಾರ್ಥಿಗಳ ಬೀದಿ ಸಂಗ್ರಹಕ್ಕೆ ಮೀಸಲು. ಚಿತ್ರಗಳು, ಪೊಟ್ಟಣಗಳು, ನಗು ಎಲ್ಲವೂ ಇರುವುದರಿಂದ ಯಾರೂ ತೂಕಡಿಸುವುದಿಲ್ಲ. ವಿದ್ಯಾರ್ಥಿಗಳು ಗ್ರಾಹಕರ ಸಮೀಕ್ಷೆ ಮಾಡಿ ತಂದಿದ್ದರೆ, ಅಂಕಿಗಳನ್ನು ನೋಡುವ ಮುಂಚೆ ಪ್ರಶ್ನಾವಳಿಯನ್ನು ಓದಿ. ‘ಈ ಎರಡು ಹೆಸರುಗಳು ನಿಮಗೆ ಗೊಂದಲ ಉಂಟುಮಾಡುತ್ತವೆಯೆ?’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದ್ದರೆ, ಪೂರ್ವಪಠ್ಯದಲ್ಲಿ ಓದಿದ ಮೈಸೂರಿನ ಬಿಸ್ಕತ್ತಿನ ತೀರ್ಪನ್ನು ಅವರಿಗೆ ಮತ್ತೊಮ್ಮೆ ನೆನಪಿಸಬೇಕಾಗುತ್ತದೆ. ನಂತರ ಉಳಿದ ಎರಡು ಕರಡುಗಳು. ಸಂಜೆ ಐದೂವರೆಗೆ ಮುಗಿಸಿಬಿಡಿ. ದೂರದ ಊರಿನವರಿಗೆ ರಾತ್ರಿಯ ಬಸ್ಸಿದೆ, ಊರಿನವರಿಗೆ ದಟ್ಟಣೆಯಿದೆ.

ಚರ್ಚೆಯ ಧ್ವನಿಮುದ್ರಣ ಮಾಡಬೇಡಿ, ಕರಡುಗಳನ್ನು ಯಾರೂ ಹೊರಗೆ ಹಂಚಬಾರದು ಎಂಬ ಸಾಲನ್ನು ಪ್ರತಿ ಪುಟದ ತಲೆಯಲ್ಲಿ ಮುದ್ರಿಸಿ. ಅರೆಬೆಂದ ವಿಚಾರವನ್ನು ಮುಂದಿಡಲು ಜನರಿಗೆ ಧೈರ್ಯ ಬರುವುದು, ಅದು ನಾಳೆ ತಮ್ಮ ಹೆಸರಿನಲ್ಲಿ ಎಲ್ಲಿಯೋ ಕಾಣಿಸಿಕೊಳ್ಳುವುದಿಲ್ಲ ಎಂಬ ಭರವಸೆಯಿದ್ದಾಗ ಮಾತ್ರ.

ಮುಗಿದ ಮೇಲೆ

ಪ್ರತಿ ಕರಡಿಗೂ ಇಬ್ಬರು ವಿದ್ಯಾರ್ಥಿಗಳು ಟಿಪ್ಪಣಿ ಬರೆದುಕೊಂಡಿರುತ್ತಾರೆ. ಅದನ್ನು ಒಂದು ವಾರದೊಳಗೆ ಎರಡು ಪುಟಗಳಿಗೆ ಇಳಿಸಿ, ಯಾರು ಹೇಳಿದರೆಂಬುದನ್ನು ಬಿಟ್ಟು, ಏನು ಹೇಳಿದರೆಂಬುದನ್ನು ಮಾತ್ರ ಬರೆದವರಿಗೆ ಕಳುಹಿಸಬೇಕು. ಪ್ರಮಾಣಪತ್ರ ಕೊಡಲೇಬೇಕಾದರೆ ಕೊಡಿ, ಆದರೆ ಅದನ್ನು ಅಂಚೆಯಲ್ಲಿ ಕಳುಹಿಸಿ. ಕೊಠಡಿಯಲ್ಲಿ ಹಂಚಿದರೆ ಕೊನೆಯ ಕರಡಿನ ಹೊತ್ತಿಗೆ ಕುರ್ಚಿಗಳು ಖಾಲಿಯಾಗುತ್ತವೆ. ಆಯ್ದ ಪ್ರಬಂಧಗಳ ಸಂಪುಟವನ್ನು ತರಲು ಪ್ರಕಾಶಕರೊಡನೆ ಆತುರದ ಒಪ್ಪಂದ ಮಾಡಿಕೊಳ್ಳುವುದೂ ಬೇಡ, ಏಕೆಂದರೆ ಒಳ್ಳೆಯ ಕರಡು ಬೆಳೆದು ಒಳ್ಳೆಯ ಪತ್ರಿಕೆಗೆ ಹೋಗಬೇಕು, ಸಂಪುಟದಲ್ಲಿ ಹೂತುಹೋಗಬಾರದು.

ಆರು ತಿಂಗಳ ನಂತರ ನಾಲ್ವರಿಗೂ ಒಂದು ಪತ್ರ ಬರೆದು ಬರಹ ಎಲ್ಲಿಗೆ ಬಂತೆಂದು ವಿಚಾರಿಸಿ. ಪ್ರಕಟವಾಗಿದ್ದರೆ ಅದರ ಪ್ರತಿಯನ್ನು, ಅಂದು ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ತಲುಪಿಸಿ. ಅಡಿಟಿಪ್ಪಣಿಯ ಕೃತಜ್ಞತೆಯಲ್ಲಿ ಆ ಹೆಸರು ಇದ್ದರೆ ಅದರ ಕೆಳಗೆ ಗೆರೆ ಎಳೆದು ಕೊಡಿ. ಅದೇ ವಾರ ಮುಂದಿನ ವರ್ಷದ ಎರಡನೆಯ ಶನಿವಾರಕ್ಕೆ ಕೊಠಡಿ ಕಾಯ್ದಿರಿಸುವ ಪತ್ರವನ್ನೂ ಪ್ರಾಂಶುಪಾಲರ ಮೇಜಿನ ಮೇಲಿಡಿ.